ಹೊಗೆಯಾಡದ ಎಣ್ಣೆಯ ಮೂರು ತಿಂಗಳು

ನಮ್ಮ ಮನೆತನ ತಮಿಳುನಾಡಿನ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೆಂದು ಯಾರೂ ಸರಿಯಾಗಿ ಹೇಳಲಾರರು. ಹೇಳಲು ಹೊರಟವರು ಕೇಳಿದ್ದಕ್ಕಿಂತ ಹೆಚ್ಚು ಹೇಳಿಬಿಡುತ್ತಾರೆ. ಆದ್ದರಿಂದ ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಊರ ಕೂಟದಲ್ಲಿ ನಮ್ಮ ತಾತ ಎದ್ದು ನಿಂತರೆ ಮಿಕ್ಕವರು ಕೂತುಕೊಳ್ಳುತ್ತಿದ್ದರು. ನಮ್ಮ ತಂದೆ ಕೊಟ್ಟ ಮಾತನ್ನು ಯಾರೂ ಕಾಗದದ ಮೇಲೆ ಬರೆಸಿಕೊಂಡದ್ದಿಲ್ಲ. ಮನೆಯಲ್ಲಿ ಆಡುವ ಕನ್ನಡಕ್ಕೆ ಅಕ್ಷರವೂ ಗೊತ್ತಿರಬೇಕೆಂದು ಅವರು ಮೇಷ್ಟರನ್ನು ಇಟ್ಟು ನಮಗೆ ಕಲಿಸಿದರು. ಇಂಗ್ಲಿಷೂ ಶಿಸ್ತೂ ಬರಲೆಂದು ನನ್ನನ್ನು ದಿಂಡಿಗಲ್ಲಿನ ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದರು. ನಮ್ಮ ಮನೆಯಲ್ಲಿ ಉಂಡು ಎದ್ದವರಲ್ಲಿ ಹೊಟ್ಟೆ ಹಿಡಿದುಕೊಂಡವರು ಇದುವರೆಗೆ ಒಬ್ಬರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇತ್ತೀಚೆಗೆ ಬೇರೆ ರೀತಿಯಾಗಿ ಹೇಳಲಾಗಿದೆ.

ಮನೆತನ ಎಷ್ಟು ಒಳ್ಳೆಯದಾದರೂ ಒಲೆಯ ಮೇಲೆ ಬಾಣಲೆ ಇಟ್ಟ ಮೇಲೆ ಏನಾದರೊಂದು ನಡೆದೇ ತೀರುತ್ತದೆ. ನಮ್ಮಲ್ಲಂತೂ ಮೂರು ತಿಂಗಳಲ್ಲಿ ಮೂವತ್ತು ವರ್ಷಕ್ಕಾಗುವಷ್ಟು ನಡೆಯಿತು.

ಈ ಸಲ ಮಾವಿನ ಕಾಲ ಮುಗಿಯುವ ಹೊತ್ತಿಗೆ ನಮ್ಮ ಯಜಮಾನರಿಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯಿತು. ತೇನಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೊಬ್ಬು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿದೆ ಎಂದರು. ಮೂರು ತಿಂಗಳು ಮಾತ್ರೆ, ನಡಿಗೆ, ಪಥ್ಯ. ಆಮೇಲೆ ಇನ್ನೊಮ್ಮೆ ಪರೀಕ್ಷೆ. "ಇಳಿಯದಿದ್ದರೆ ಮದುರೈಗೆ ಕಳಿಸ್ತೀನಿ. ಅಲ್ಲಿ ಒಳಗೆ ಟ್ಯೂಬ್ ಬಿಟ್ಟು ನೋಡ್ತಾರೆ" ಎಂದರು. ಟ್ಯೂಬ್ ಎಂದ ಕೂಡಲೇ ನಮ್ಮ ಯಜಮಾನರು ನನ್ನ ಕೈ ಹಿಡಿದುಕೊಂಡರು. ಡಾಕ್ಟರ ಎದುರಿಗೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ಆಗಲೇ ನನಗೆ ಭಯ ಹತ್ತಿತು.

ಅದೇ ಸಂಜೆ ಅವರ ಅಕ್ಕ, ಅಂದರೆ ಹನುಮಂತನಪಟ್ಟಿಯಲ್ಲಿರುವ ನಮ್ಮ ಅತ್ತಿಗೆ, ಫೋನು ಮಾಡಿದರು. "ಅವನು ತಿನ್ನೋದು ನಿನ್ನ ಕೈಯಡುಗೆ ತಾನೇ? ನನ್ನ ತಂಬಿ ಉಳಿಯೋದು ನಿನ್ನ ಕೈಲೇ ಐತೆ, ನೋಡ್ಕೋ ಅವ್ವ" ಎಂದರು. ಮಾತು ಸರಿಯಾಗಿತ್ತು. ಧ್ವನಿ ಸರಿಯಿರಲಿಲ್ಲ.

ಪಾಠ ಚೆನ್ನಾಗಿತ್ತು

ಎಣ್ಣೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾನ್ವೆಂಟಿನಲ್ಲಿ ವಿಜ್ಞಾನ ಹೇಳುತ್ತಿದ್ದ ಸಿಸ್ಟರ್ ಒಬ್ಬರು ಒಂದು ದಿನ ತರಗತಿಗೇ ಸ್ಟವ್ ತಂದು, ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ ಸುರಿದು ಕಾಯಲು ಬಿಟ್ಟರು. "ಎಣ್ಣೆ ಒಂದು ಮಟ್ಟದವರೆಗೆ ಶಾಖ ತಾಳುತ್ತದೆ. ಅದನ್ನು ದಾಟಿ ನೀಲಿ ಹೊಗೆ ಎದ್ದಿತೆಂದರೆ ಎಣ್ಣೆ ಒಳಗೇ ಒಡೆದುಹೋಗಿದೆ ಎಂದು ತಿಳಿಯಿರಿ. ಅದರಲ್ಲಿರುವ ಗ್ಲಿಸರಿನ್ ಸುಟ್ಟು ಒಂದು ಆವಿ ಬರುತ್ತದೆ. ಕಣ್ಣು ಉರಿಸುವುದು ಅದೇ" ಎಂದರು.

ಅವರು ಹೇಳಿ ಮುಗಿಸುವ ಮುಂಚೆಯೇ ಆವಿ ಬಂತು. ನಲವತ್ತು ಹುಡುಗಿಯರು ಸಾಲಾಗಿ ಕೂತು ಅಳತೊಡಗಿದೆವು. ಕಿಟಕಿಯಿಂದ ಹೊಗೆ ಹೋಗುವುದನ್ನು ಕಂಡ ತೋಟದಾತ ಬಕೆಟ್ ನೀರು ಹಿಡಿದು ಓಡಿ ಬಂದ. ಕಾದ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸೂರಿಗೆ ಹಾರುತ್ತದೆ. ಸಿಸ್ಟರ್ ಅವನ ಎದುರು ಎರಡೂ ಕೈ ಚಾಚಿ ನಿಂತು, ಬೇಡ ಬೇಡ ಎಂದು ಕಿರುಚಿದರು. ಅವನೋ ಬಕೆಟ್ ಎತ್ತಿಯಾಗಿತ್ತು. ಕೈಯನ್ನು ತಡೆಯಲಾರದೆ ಸರಕ್ಕನೆ ಬಾಗಿಲ ಕಡೆಗೆ ತಿರುಗಿ ಎರಚಿದ. ಬಾಗಿಲಲ್ಲಿ ಆಗತಾನೆ ಕಾನ್ವೆಂಟಿನ ಹಿರಿಯರಾದ ಮದರ್ ಬಂದು ನಿಂತಿದ್ದರು.

ಮದರ್ ಮುಖ ಒರೆಸಿಕೊಳ್ಳಲಿಲ್ಲ. ಅದು ಶಿಸ್ತು. ನಮ್ಮನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿ, "ಎಲ್ಲರೂ ಯಾಕೆ ಅಳುತ್ತಿದ್ದೀರಿ?" ಎಂದು ಕೇಳಿದರು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಪಾಠ ಬಹಳ ಚೆನ್ನಾಗಿತ್ತು ಮದರ್" ಎಂದಳು.

ದೇವರ ಮುಂದೆ ಮುರುಕಿನ ವಾಸನೆ

ಡಾಕ್ಟರು ಹೇಳಿದ ಮರುದಿನವೇ ನಾನು ಅಡುಗೆಮನೆಗೆ ಎರಡು ಕಾನೂನು ಮಾಡಿದೆ. ಎಣ್ಣೆ ಹೊಗೆಯಾಡಕೂಡದು. ಒಮ್ಮೆ ಕರಿದ ಎಣ್ಣೆ ಮತ್ತೆ ಒಲೆ ಹತ್ತಕೂಡದು. ಕಾದು ಆರಿದ ಎಣ್ಣೆ ಎರಡನೆಯ ಸಲ ಬೇಗ ಹೊಗೆಯಾಡುತ್ತದೆ. ಮೂರನೆಯ ಸಲಕ್ಕೆ ಕಪ್ಪಾಗಿ, ಜಿಗುಟಾಗಿ, ನೊರೆ ಕಟ್ಟುತ್ತದೆ. ಆ ಜಿಗುಟು ಬಾಣಲೆಯ ಅಂಚಿಗೆ ಅಂಟಿದರೆ ಉಜ್ಜಿ ತೆಗೆಯಲಾಗುವುದಿಲ್ಲ. ಬಾಣಲೆಗೇ ಹಾಗಾದರೆ ಮನುಷ್ಯನ ಗತಿ ಏನು?

ಬೀರುವಿನಲ್ಲಿ ಒಂದು ದೊಡ್ಡ ಜಾಡಿ ತುಂಬ ಮುರುಕು ಕರಿದು ಉಳಿದ ಎಣ್ಣೆ ಇತ್ತು. ನಮ್ಮ ಕೆಲಸದಾಕೆಗೆ ಅದನ್ನು ಚೆಲ್ಲಲು ಹೇಳಿದೆ. ಅವಳು ಜಾಡಿಯನ್ನು ಎದೆಗವಚಿಕೊಂಡು, "ಎಣ್ಣೇನ ಚರಂಡಿಗಾ ಅಮ್ಮಾ? ಪಾವಂ ಬರುತ್ತೆ" ಎಂದಳು. "ನನ್ನ ಮನೆಯ ಹೊಸಿಲು ದಾಟಿದರೆ ಸಾಕು. ಆಮೇಲೆ ನಿನ್ನಿಷ್ಟ" ಎಂದೆ. ಆ ಮಾತು ಆಡಬಾರದಿತ್ತು.

ನಾಲ್ಕು ದಿನ ಬಿಟ್ಟು ಬೀದಿಯ ಕೊನೆಯ ಪಿಳ್ಳೈಯಾರ್, ಅಂದರೆ ಗಣಪತಿಯ, ಗುಡಿಗೆ ಹೋದೆ. ಒಳಗೆ ಕಾಲಿಟ್ಟರೆ ಕರ್ಪೂರದ ವಾಸನೆ ಇಲ್ಲ, ಜೀರಿಗೆ ಎಳ್ಳು ಹಾಕಿದ ಮುರುಕಿನ ಘಮ. ದೊಡ್ಡ ದೀಪ ಢಾಳಾಗಿ ಉರಿಯುತ್ತಿತ್ತು. ಯಾರ ಮನೆಯ ಎಣ್ಣೆ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಪೂಜಾರಿ ಮಾತ್ರ ಪರಮ ಸಂತೋಷದಲ್ಲಿದ್ದರು.

"ಪಿಳ್ಳೈಯಾರ್ ಮಹಿಮೆ ನೋಡಿ ಅಮ್ಮಾ! ಮೂರು ಸುತ್ತು ಬಂದು ಮನೆಗೆ ಓಡುತ್ತಿದ್ದವರೆಲ್ಲ ಈಗ ಒಂಬತ್ತು ಸುತ್ತು ಬರ್ತಾರೆ" ಎಂದರು. ಆಮೇಲೆ ದನಿ ತಗ್ಗಿಸಿ, "ಒಂದೇ ತೊಂದರೆ. ತೀರ್ಥ ಕೊಟ್ಟರೆ ತಗೊಂಡು, ಕೈ ಹಾಗೇ ಚಾಚಿಕೊಂಡು ನಿಂತಿರ್ತಾರೆ" ಎಂದರು.

ಅದೇ ಸಂಜೆ ಗಾಣದಿಂದ ಹೊಸ ಎಳ್ಳೆಣ್ಣೆಯ ಡಬ್ಬ ತರಿಸಿ ಗುಡಿಗೆ ಕೊಟ್ಟು ತಪ್ಪು ಕಾಣಿಕೆ ಹಾಕಿದೆ. ಮರುದಿನದಿಂದ ಎಲ್ಲರೂ ಮೂರು ಸುತ್ತಿಗೇ ಮನೆಗೆ ಹೋದರು.

ಹಿಂಡಿದ ವಡೆ

ಈಗ ಹೇಳುವುದರಲ್ಲಿ ತಪ್ಪು ನನ್ನದೇ. ಮುಚ್ಚಿಡುವುದು ನಮ್ಮ ಮನೆಯ ಅಭ್ಯಾಸವಲ್ಲ.

ಹದಿನೈದು ದಿನಕ್ಕೊಮ್ಮೆ ಎರಡು ವಡೆ ತಿನ್ನಬಹುದೆಂದು ಡಾಕ್ಟರಿಂದ ಅಪ್ಪಣೆಯಾಗಿತ್ತು. ಆ ದಿನಕ್ಕಾಗಿ ನಮ್ಮ ಯಜಮಾನರು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಎಣ್ಣೆ ಎಲ್ಲಿ ಹೊಗೆಯಾಡಿಬಿಡುವುದೋ ಎಂಬ ಹೆದರಿಕೆಯಿಂದ ನಾನು ಉರಿಯನ್ನು ಪೂರಾ ಸಣ್ಣ ಮಾಡಿ, ವಡೆಯನ್ನು ಎಣ್ಣೆಗೆ ಇಳಿಬಿಡುತ್ತಿದ್ದೆ. ಅದು ತಳಕ್ಕೆ ಹೋಗಿ ಕೂತುಕೊಳ್ಳುತ್ತಿತ್ತು. ಸದ್ದಿಲ್ಲ, ಗುಳ್ಳೆಯಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ತೆಗೆದರೆ ಕೆಂಪಾಗಿರುತ್ತಿತ್ತು, ಹೊಗೆಯೂ ಬಂದಿರುತ್ತಿರಲಿಲ್ಲ. ನಾನು ತೃಪ್ತಳಾಗಿದ್ದೆ. ಅವರೂ ತೃಪ್ತರಾಗಿದ್ದರು. ಸ್ವಲ್ಪ ಹೆಚ್ಚೇ ತೃಪ್ತರಾಗಿದ್ದರು. ಅದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಾಗಿತ್ತು.

ಅಂಥ ಒಂದು ದಿನ ಅತ್ತಿಗೆ ಬಂದರು. ತಮ್ಮನ ತಟ್ಟೆಯಿಂದ ಒಂದು ವಡೆ ತೆಗೆದುಕೊಂಡರು. ತಿನ್ನಲಿಲ್ಲ. ಬಟ್ಟಲು ತರಿಸಿ, ಬಟ್ಟೆ ಹಿಂಡುವ ಹಾಗೆ ಅದನ್ನು ಹಿಂಡಿದರು. ಎಣ್ಣೆ ಧಾರೆಯಾಗಿ ಇಳಿಯಿತು.

"ಇದನ್ನ ಆ ಡಾಕ್ಟರ್‌ಗೆ ಕಳಿಸು. ತಲೆಗೆ ಹಚ್ಕೊಂಡು ನೀರು ಹಾಕ್ಕೊಳ್ಲಿ" ಎಂದರು.

"ಹೊಗೆ ಬಂದರೆ ಎಣ್ಣೆ ಕೆಡುತ್ತೆ ಅತ್ತಿಗೆ" ಎಂದೆ.

"ಕೆಡ್ತೈತೆ, ಯಾರು ಇಲ್ಲ ಅಂದೋರು? ಅದಕ್ಕೆ ಒಲೆನೇ ಆರಿಸಿ ಕೂತ್ಕೊಳ್ಳೋದಾ?" ಎಂದು ಎದ್ದು ಅಡುಗೆಮನೆಗೆ ನಡೆದರು. ಉರಿ ಏರಿಸಿದರು. ಗೋಲಿಯಷ್ಟು ಹುಣಸೆಹಣ್ಣು ಎಣ್ಣೆಗೆ ಹಾಕಿ, ಅದು ಬುರಬುರನೆ ಮೇಲೆದ್ದ ಕೂಡಲೇ ತೆಗೆದು ಬಿಸಾಡಿ, ವಡೆ ಬಿಟ್ಟರು. "ಹಾಕಿದ್ದು ಎದ್ದು ಬಂದ್ರೆ ಕಾದೈತೆ. ಹೊಗೆ ಬಂದ್ರೆ ಕೆಟ್ಟೈತೆ. ಎರಡರ ನಡುವೆ ನಿಂತ್ಕೊಂಡು ಕರಿ."

ಆಮೇಲೆ ನನಗೆ ಅರ್ಥವಾಯಿತು. ಎಣ್ಣೆ ಸಾಕಷ್ಟು ಕಾದಿದ್ದರೆ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಆ ನುಗ್ಗುವಿಕೆ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಕಾಯದ ಎಣ್ಣೆಯನ್ನು ಹಿಟ್ಟು ಸುಮ್ಮನೆ ಕುಡಿಯುತ್ತದೆ. ಸಿಸ್ಟರ್ ಒಂದು ಗಂಟೆಯಲ್ಲಿ ಅರ್ಧ ಹೇಳಿದ್ದನ್ನು ಅತ್ತಿಗೆ ಒಂದು ಉಸಿರಿನಲ್ಲಿ ಪೂರ್ತಿ ಹೇಳಿದರು. ಇದನ್ನು ನಾನು ಅವರ ಎದುರಿಗೆ ಒಪ್ಪಿಕೊಂಡಿಲ್ಲ.

ಹೊಸ ವಡೆ ಹಗುರವಾಗಿ, ಒಣಗಿಕೊಂಡು ಬಂತು. ನಮ್ಮ ಯಜಮಾನರು ಒಂದು ಕಚ್ಚಿ, ಬಟ್ಟಲಿನ ಎಣ್ಣೆಯನ್ನೊಮ್ಮೆ ನೋಡಿ, ಬಹಳ ವಿನಯದಿಂದ ಕೇಳಿದರು: "ಇದಕ್ಕೆ ಅದನ್ನ ಅದ್ದಿಕೊಂಡು ತಿನ್ನಬಹುದಾ?"

ತೆಗೆಯುವುದು ಯಾವಾಗ?

ಎರಡನೆಯ ತಿಂಗಳಲ್ಲಿ ಅವರ ನಡಿಗೆ ಉದ್ದವಾಗುತ್ತ ಹೋಯಿತು. ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಮನುಷ್ಯನಿಗೆ ಜೀವದ ಮೇಲೆ ಆಸೆ ಹುಟ್ಟಿದೆ ಎಂದು ನಾನು ಸಮಾಧಾನಪಟ್ಟುಕೊಂಡೆ. ಒಂದು ದಿನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಮಡಿಸಿದ ಪತ್ರಿಕೆಯ ತುಂಡು ಸಿಕ್ಕಿತು. ಸುದ್ದಿ ಓದಲು ಸಾಧ್ಯವಿರಲಿಲ್ಲ. ಎಣ್ಣೆ ಹೀರಿ ಕಾಗದ ಗಾಜಿನ ಹಾಗಾಗಿತ್ತು.

ಮರುದಿನ ನಾನೂ ಹಿಂದಿನಿಂದ ನಡೆದೆ. ಪೆರಿಯಕುಳಂ ರಸ್ತೆಯಲ್ಲಿ ಒಂದು ಬಜ್ಜಿ ಅಂಗಡಿ. ಅಲ್ಲಿಗೆ ಬಂದ ಕೂಡಲೇ ಅವರ ನಡಿಗೆ ನಿಂತಿತು. ಬಾಳೆಕಾಯಿ ಬಜ್ಜಿಯ ತಟ್ಟೆ ಕೈಗೆ ಬಂದಾಗ ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರನ್ನು ಬಿಟ್ಟು ಅಂಗಡಿಯವನನ್ನು ಕೇಳಿದೆ.

"ಇದು ಯಾವತ್ತಿನ ಎಣ್ಣೆಯಪ್ಪ?"

"ದಿನಾ ಹೊಸ ಎಣ್ಣೆ ಹಾಕ್ತೀನಿ ಮೇಡಂ" ಎಂದ, ಎದೆಯುಬ್ಬಿಸಿ.

"ಹಾಕುವುದು ಸರಿ. ಹಳೆಯದನ್ನು ತೆಗೆಯುವುದು ಯಾವಾಗ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ತೆಗೀಬೇಕು? ಬಜ್ಜಿ ಕುಡಿಯುತ್ತೆ, ಕುಡಿದಷ್ಟು ನಾನು ತುಂಬಿಸ್ತೀನಿ."

"ಹಾಗಾದರೆ ಈ ಬಾಣಲೆ ಪೂರ್ತಿ ಖಾಲಿಯಾದದ್ದು ಎಂದು?"

ಅವನು ಪ್ರಾಮಾಣಿಕ ಮನುಷ್ಯ. ಜಾಲರಿ ಸೌಟು ಕೆಳಗಿಟ್ಟು ಯೋಚಿಸಿದ. ನೆನಪಾಗಲಿಲ್ಲ. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿಯನ್ನು ಕೂಗಿ, "ಏಯ್, ನಮ್ಮ ಮದುವೆ ಆದ ಹೊಸದ್ರಲ್ಲಿ ಒಂದ್ಸಲ ಬಾಣಲೆ ತೊಳೆದ್ವಲ್ಲ?" ಎಂದು ಕೇಳಿದ.

ಒಳಗಿನಿಂದ ಉತ್ತರ ಬಂತು. "ಇಲ್ಲವೇ ಇಲ್ಲ. ನಾನು ಈ ಮನೆಗೆ ಬಂದಾಗಲೇ ಆ ಎಣ್ಣೆ ಇತ್ತು!"

ನಮ್ಮ ಯಜಮಾನರು ತಟ್ಟೆಯನ್ನು ತಾವಾಗಿಯೇ ಕೆಳಗಿಟ್ಟರು. ಮರುದಿನದಿಂದ ಅವರ ನಡಿಗೆ ಮತ್ತೆ ಅರ್ಧ ಗಂಟೆಗೆ ಇಳಿಯಿತು.

ಬೆಳ್ಳಗಿನ ರಕ್ತ

ಮೂರು ತಿಂಗಳು ಮುಗಿಯಿತು. ಶನಿವಾರ ಬೆಳಿಗ್ಗೆ ಪರೀಕ್ಷೆ. ಶುಕ್ರವಾರ ಅವರು ದ್ರಾಕ್ಷಿ ತೋಟದ ಕೆಲಸ ನೋಡಲು ಹನುಮಂತನಪಟ್ಟಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದರು. ಬೆಳಗಿನ ಬಸ್ಸಿಗೆ ಹೊರಟು ನೇರ ತೇನಿಯ ಲ್ಯಾಬಿಗೆ ಬರುವುದು, ನಾನು ಅಲ್ಲೇ ಕಾಯುವುದು ಎಂದು ಮಾತು. "ಖಾಲಿ ಹೊಟ್ಟೆಯಲ್ಲಿ ಬರಬೇಕು" ಎಂದು ನಾನು ಅವರಿಗೆ ಎರಡು ಸಲ, ಫೋನಿನಲ್ಲಿ ಅತ್ತಿಗೆಗೆ ಒಂದು ಸಲ ಹೇಳಿದ್ದೆ.

ಲ್ಯಾಬಿನ ಹುಡುಗಿ ಸೂಜಿ ಹಿಡಿದು, "ಖಾಲಿ ಹೊಟ್ಟೆ ತಾನೇ ಸಾರ್?" ಎಂದಳು. "ಖಾಲಿ" ಎಂದರು, ಗಟ್ಟಿಯಾಗಿ.

ಒಂದು ಗಂಟೆ ಬಿಟ್ಟು ಅವಳು ಸಣ್ಣ ಗಾಜಿನ ಕೊಳವೆಯೊಂದನ್ನು ಹಿಡಿದು ಹೊರಗೆ ಬಂದಳು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪೆಲ್ಲ ಕೆಳಗೆ ಕೂತು, ಮೇಲೆ ತಿಳಿ ಹಳದಿ ನೀರು ನಿಲ್ಲಬೇಕಂತೆ. ಇವರದರಲ್ಲಿ ಮೇಲೆ ನಿಂತದ್ದು ಮಜ್ಜಿಗೆಯ ಹಾಗೆ ಬೆಳ್ಳಗಿತ್ತು. "ಇಂಥದ್ದು ನಾನು ನೋಡೇ ಇಲ್ಲ ಅಮ್ಮಾ" ಎಂದಳು. ಸಂಜೆ ಬಂದ ರಿಪೋರ್ಟಿನಲ್ಲಿ ಕೊಬ್ಬಿನ ಅಂಕಿ ಮೊದಲಿಗಿಂತಲೂ ಮೇಲೆ ಹೋಗಿತ್ತು. ಡಾಕ್ಟರು ಊರಲ್ಲಿಲ್ಲ, ಸೋಮವಾರ ಬರುತ್ತಾರೆ ಎಂದರು.

ಮನೆಗೆ ಬಂದು ಒಲೆಯ ಮುಂದೆ ನಿಂತೆ. ಮೂರು ತಿಂಗಳಲ್ಲಿ ಯಾವ ದಿನ ಎಣ್ಣೆ ಹೊಗೆಯಾಡಿತ್ತು, ಯಾವ ದಿನ ಕಾದಿರಲಿಲ್ಲ ಎಂದು ಒಂದೊಂದೇ ನೆನೆಸಿಕೊಂಡೆ. ಹಿಂಡಿದ ಆ ವಡೆ ಕಣ್ಣಿಂದ ಹೋಗಲಿಲ್ಲ. ಮದುರೈಗೆಂದು ಚೀಲಕ್ಕೆ ಅವರ ಪಂಚೆ, ಟವೆಲ್ಲು, ಮಾತ್ರೆ ತುಂಬಿದೆ. ಅವರು ಹತ್ತಿರ ಬಂದು, "ನಿನ್ನ ತಪ್ಪಲ್ಲ" ಎಂದರು. ಹಾಗೆಂದದ್ದರಿಂದ ಇನ್ನೂ ಕಷ್ಟವಾಯಿತು.

ಅಷ್ಟರಲ್ಲಿ ನಮ್ಮ ಸಂಬಂಧಿಕರ ಮೊಬೈಲ್ ಗುಂಪಿನಲ್ಲಿ ಅತ್ತಿಗೆಯ ಧ್ವನಿ ಬಂತು. ಇವರು ಅಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದ್ದರು. "ಎಲ್ಲಾರೂ ಕೇಳ್ರಪ್ಪ. ನನ್ನ ತಂಬಿ ಎತ್ತಿನಂಗಿದ್ದ. ಆ ಮನೇಲಿ ಮೂರು ತಿಂಗಳು ಇಂಗ್ಲೀಸು ಅಡುಗೆ ಹಾಕಿ ಹಾಕಿ, ಅವನ ರಗತಾನೇ ಬೆಳ್ಳಗಾಗಿ ಹೋಗೈತೆ. ಅವರಪ್ಪನ ಮನೆಯೋರು ದೊಡ್ಡೋರೇ ಇರಬೋದು. ಮಗಳಿಗೆ ಒಲೆ ಹಚ್ಚೋದು ಕಲಿಸ್ನಿಲ್ಲ."

ಬೋಡಿಯಿಂದ ದಿಂಡಿಗಲ್ಲಿನವರೆಗೆ ಇರುವ ಬಂಧುಗಳೆಲ್ಲ ಕೇಳಿದರು. ಕೈಮುಗಿದ ಚಿತ್ರಗಳು, ಅಳುವ ಮುಖಗಳು ಸಾಲಾಗಿ ಬಂದವು. ಒಬ್ಬರು ಅವಸರದಲ್ಲಿ "ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಹಾಕಿ, ಅಳಿಸಿ, "ಬೇಗ ಗುಣವಾಗಲಿ" ಎಂದು ಹಾಕಿದರು. ಅಳಿಸುವ ಮುಂಚೆ ನಮ್ಮ ಯಜಮಾನರು ಅದನ್ನು ಓದಿಬಿಟ್ಟಿದ್ದರು.

ಸೋಮವಾರ ಅತ್ತಿಗೆಯೂ ಚೀಲ ಹಿಡಿದು ಬಂದರು, ತಮ್ಮನ ಜೊತೆ ಮದುರೈಗೆ ಹೋಗಲು. ಮೂವರೂ ಡಾಕ್ಟರ ಎದುರು ಕೂತೆವು. ಡಾಕ್ಟರು ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬೆಳಿಗ್ಗೆ ಏನೂ ತಿಂದಿರಲಿಲ್ಲ ತಾನೇ?"

"ಏನೂ ಇಲ್ಲ ಡಾಕ್ಟರ್" ಎಂದರು ಇವರು.

"ಒಂದು ಅಗುಳು ಅನ್ನ ಮುಟ್ಟಿಲ್ಲ ಸಾಮಿ" ಎಂದು ಅತ್ತಿಗೆ ಒತ್ತುಕೊಟ್ಟರು. "ಕಾರ್ತಿಗೆ ಸೋಮವಾರ ನಾವೆಲ್ಲ ಹೆಂಗಿರ್ತೀವೋ ಹಂಗೇ ಇದ್ದ. ಬರೀ ಪಲಾರ."

ನಮ್ಮ ಕಡೆ ವ್ರತದ ದಿನ ಅನ್ನದ ಪಾತ್ರೆಯನ್ನು ಒಲೆಗೆ ಏರಿಸುವುದಿಲ್ಲ. ಪಲಾರ, ಅಂದರೆ ತಿಂಡಿ, ಎಷ್ಟು ತಿಂದರೂ ತಿಂದ ಲೆಕ್ಕಕ್ಕೆ ಬರುವುದಿಲ್ಲ. ದೇವರು ಇದನ್ನು ಬಹು ಕಾಲದಿಂದ ಒಪ್ಪಿಕೊಂಡು ಬಂದಿದ್ದಾನೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಏನು ಪಲಾರ?"

"ಪಣಿಯಾರ" ಎಂದರು ಅತ್ತಿಗೆ. ಗುಳಿ ಕಲ್ಲಿನಲ್ಲಿ ಹುಯ್ಯುವ ಪಡ್ಡು.

"ಎಷ್ಟು?"

"ಎಣಿಸಲಿಲ್ಲ" ಎಂದರು ಇವರು. "ಅಕ್ಕ ಹಾಕ್ತಾನೇ ಇದ್ದಳು."

"ಮೂರೇ ಸುತ್ತು" ಎಂದರು ಅತ್ತಿಗೆ. "ಏಳು ಗುಳಿ ಕಲ್ಲು."

ಡಾಕ್ಟರು ಕಣ್ಣು ಮುಚ್ಚಿಕೊಂಡು ಕೇಳಿದರು. "ಎಣ್ಣೆಯಲ್ಲಿ ಮಾಡಿದ್ದಾ?"

ಅತ್ತಿಗೆಗೆ ಎಲ್ಲಿಲ್ಲದ ಕೋಪ ಬಂತು. "ಏನು ಕೇಳ್ತೀರಿ ಸಾಮಿ! ಒಪ್ಪತ್ತಿರೋ ದಿನ ಎಣ್ಣೆ ಮುಟ್ತಾರಾ? ಮನೆ ತುಪ್ಪ! ಗುಳಿ ತುಂಬ ಹುಯ್ದು ಮಾಡಿವ್ನಿ!"

ಡಾಕ್ಟರು ರಿಪೋರ್ಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅದರ ಹಿಂದೆ ಭುಜ ಕುಲುಕುತ್ತಿತ್ತು. ಆಮೇಲೆ ಹೇಳಿದರು: ಬೆಳಿಗ್ಗೆ ತಿಂದ ಕೊಬ್ಬು ಕೆಲವು ಗಂಟೆ ರಕ್ತದಲ್ಲಿ ತೇಲುತ್ತಿರುತ್ತದೆ, ಬೆಳ್ಳಗೆ ಕಂಡದ್ದು ಮೂರು ತಿಂಗಳ ಅಡುಗೆಯಲ್ಲ, ಆ ಮೂರು ಸುತ್ತಿನ ತುಪ್ಪ.

ಮಂಗಳವಾರ ಮತ್ತೆ ರಕ್ತ ಕೊಟ್ಟೆವು. ಹಿಂದಿನ ಸಂಜೆಯಿಂದ ಅವರ ಬಾಯಿಗೆ ನೀರು ಬಿಟ್ಟು ಬೇರೇನೂ ಹೋಗದಂತೆ ನಾನೇ ಕಾವಲಿದ್ದೆ. ಈ ಸಲ ಕೊಳವೆಯಲ್ಲಿ ತಿಳಿಯಾದ ಹಳದಿ ನೀರು. ಆಚೆ ಬದಿಯ ಗೋಡೆ ಕಾಣುತ್ತಿತ್ತು. ಕೊಬ್ಬು ಗೆರೆಯ ಕೆಳಗೆ ಇಳಿದಿದೆ, ಮದುರೈ ಬೇಡ, ಮಾತ್ರೆಯೂ ಅಡುಗೆಯೂ ಹೀಗೇ ಮುಂದುವರಿಯಲಿ ಎಂದರು ಡಾಕ್ಟರು. ನಾನು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿದೆ.

ಅತ್ತಿಗೆ ತಮ್ಮನ ಕೆನ್ನೆ ಸವರಿ ನೆಟಿಗೆ ಮುರಿದರು. ನನ್ನ ಕಡೆ ತಿರುಗಿ, "ಮೂರು ದಿನಕ್ಕೆ ಕರಗಿ ಹೋಯ್ತು, ನೋಡ್ದಾ? ನನ್ನ ಪಣಿಯಾರ ಅಷ್ಟು ಹಗುರ" ಎಂದು ಹೇಳಿ ಬಸ್ಸು ಹತ್ತಿದರು.

ಅದಾಗಿ ಇಂದಿಗೆ ಹತ್ತು ದಿನ. ಅವರ ಧ್ವನಿ ಇನ್ನೂ ಆ ಗುಂಪಿನಲ್ಲಿ ಹಾಗೇ ಇದೆ; ಯಾರು ಬೇಕಾದರೂ ಒತ್ತಿ ಕೇಳಬಹುದು. ನನಗೆ ವಿವರಣೆ ಬೇಕಾಗಿಲ್ಲ. ತಿಂಡಿಯ ಡಬ್ಬ ಕಳಿಸುವುದೂ ಬೇಡ. ಅತ್ತಿಗೆ ನನ್ನಲ್ಲಿ ಕ್ಷಮೆ ಕೇಳಬೇಕು. ಅದೇ ಗುಂಪಿನಲ್ಲಿ, ತಮ್ಮದೇ ಧ್ವನಿಯಲ್ಲಿ, ನನ್ನ ತಂದೆಯ ಮನೆಯ ಹೆಸರು ಹೇಳಿ ಕೇಳಬೇಕು.